ಸಹಪಠ್ಯ ಚಟುವಟಿಕೆ: ಗೆಲುವಿಗೋ, ಕಲಿಕೆಗೋ?

ಆಟ, ಹಾಡು, ಭಾಷಣಗಳನ್ನು ನಾವು ಬಹುಕಾಲ ‘ಪಠ್ಯೇತರ’ವೆಂದು ಕರೆಯುತ್ತ ಬಂದೆವು. ಈಗ ‘ಸಹಪಠ್ಯ’ವೆಂಬ ಗೌರವದ ಹೆಸರು ಬಂದಿದೆ. ಹೆಸರಿನೊಡನೆ ನಮ್ಮ ದೃಷ್ಟಿಯೂ ಬದಲಾಗಿದೆಯೇ ಎಂಬುದು ನನ್ನ ಸಂದೇಹ.

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ರಾಜ್ಯದ ಶಾಲಾ ಕಲೋತ್ಸವ ಆರಂಭವಾದುದು 1957ರಲ್ಲಿ. ಉಪಜಿಲ್ಲೆ, ಜಿಲ್ಲೆ, ರಾಜ್ಯವೆಂದು ಮೆಟ್ಟಿಲೇರುವ ಆ ಉತ್ಸವದಲ್ಲಿ ಇಂದು ಕನ್ನಡ ಕಂಠಪಾಠ, ಭಾಷಣಗಳಿಗೂ ಯಕ್ಷಗಾನಕ್ಕೂ ಸ್ಥಾನವಿರುವುದು ಗಡಿನಾಡಿನ ಕನ್ನಡ ಶಾಲೆಗಳಿಗೆ ಅಲ್ಪ ಸಂಗತಿಯೇನಲ್ಲ. ಆದರೆ ಸ್ಪರ್ಧೆ ಸಮೀಪಿಸಿತೆಂದರೆ ನಡೆಯುವುದೇನು? ನಾಲ್ಕಾರು ಮಕ್ಕಳ ಆಯ್ಕೆ, ಹೊರಗಿನ ಗುರುಗಳಿಂದ ತರಬೇತಿ, ವೇಷಭೂಷಣದ ಬಾಡಿಗೆ, ಗ್ರೇಸ್ ಮಾರ್ಕಿನ ಲೆಕ್ಕಾಚಾರ. ತೀರ್ಪು ಒಗ್ಗದಿದ್ದರೆ ಅಪೀಲು. ಉಳಿದ ಮಕ್ಕಳ ಪಾಲಿಗೆ ಚಪ್ಪಾಳೆಯಷ್ಟೇ. ಬಹುಮಾನದ ಫಲಕಗಳಿಂದ ಕಪಾಟು ತುಂಬಬಹುದು; ಹಿಂದಿನ ಬೆಂಚಿನ ಬಾಯಿ ಮಾತ್ರ ತೆರೆಯುವುದಿಲ್ಲ.

ಆ ಬಾಯಿ ತೆರೆಯಬೇಕಾದ ಅಗತ್ಯ ನಮ್ಮಲ್ಲಿ ಹೆಚ್ಚು. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಾಗಿರುವ ಎಷ್ಟೋ ಮಕ್ಕಳಿಗೆ ಕನ್ನಡವೆಂದರೆ ಓದಿ ಬರೆಯುವ ಭಾಷೆ. ಆಡುವ ಭಾಷೆಯಾಗಲು ಅದಕ್ಕೆ ಅವಕಾಶ ಬೇಕು. ಈ ದೃಷ್ಟಿಯಿಂದ ನೋಡಿದರೆ ತಾಳಮದ್ದಳೆಗಿಂತ ಮಿಗಿಲಾದ ಪಾಠ ನನಗೆ ಕಾಣದು. ಪಾರ್ತಿಸುಬ್ಬನ, ಶೇಣಿ ಗೋಪಾಲಕೃಷ್ಣ ಭಟ್ಟರ ನಾಡು ಇದು. ತಾಳಮದ್ದಳೆಗೆ ಬಣ್ಣ ಬೇಡ, ಕಿರೀಟ ಬೇಡ, ರಂಗಸ್ಥಳವೂ ಬೇಡ. ಪದ್ಯ ಮುಗಿದೊಡನೆ ಅರ್ಥಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳಬೇಕು. ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಬೇಕು. ಅದೂ ಇಂಗ್ಲಿಷ್ ಬೆರೆಯದ ಕನ್ನಡದಲ್ಲಿ. ಬಾಯಿಪಾಠ ಮಾಡಿದ್ದು ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ.

ತರಗತಿಯಲ್ಲಿ ತುಟಿಪಿಟಕ್ಕೆನ್ನದ ಹುಡುಗನೊಬ್ಬ ಅಂಗದನಾಗಿ ಕುಳಿತು ರಾವಣನೊಡನೆ ವಾದಕ್ಕಿಳಿದುದನ್ನು ನಾನು ಕಂಡಿದ್ದೇನೆ. ನಡುವೆ ಒಂದೆರಡು ತುಳು ಮಾತುಗಳು ನುಸುಳಿದವು, ಸಭೆ ನಕ್ಕಿತು, ಅವನೂ ನಕ್ಕು ಮುಂದುವರಿಸಿದ. ಸ್ಪರ್ಧೆಯಾಗಿದ್ದರೆ ಅಂಕ ಕಡಿಮೆಯಾಗುತ್ತಿತ್ತು, ನಿಜ. ಅಸಲಿಗೆ ಆ ತಂಡಕ್ಕೆ ಅವನು ಆಯ್ಕೆಯೇ ಆಗುತ್ತಿರಲಿಲ್ಲ!

ಸ್ಪರ್ಧೆಗಳು ಬೇಡವೆಂದು ನನ್ನ ವಾದವಲ್ಲ. ಉನ್ನತ ವೇದಿಕೆಯ ಹಂಬಲ ಮಕ್ಕಳಿಗೆ ಇರಲಿ. ಆದರೆ ಸುವರ್ಣ ಮಹೋತ್ಸವಕ್ಕಾಗಿ ಕೂಡಿಸಿದ ನಿಧಿಯಲ್ಲಿ ಒಂದು ಮದ್ದಳೆಗೂ ಒಂದು ಜೊತೆ ತಾಳಕ್ಕೂ ಪಾಲು ತೆಗೆದಿಡಬೇಕೆಂದು ಆಡಳಿತ ಮಂಡಳಿಯನ್ನೂ ರಕ್ಷಕ–ಶಿಕ್ಷಕ ಸಂಘವನ್ನೂ ಕೇಳಿಕೊಳ್ಳುತ್ತೇನೆ. ಪದ ಹೇಳಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ, ಕರೆದರೆ ಬಾರದವರಲ್ಲ. ಶುಕ್ರವಾರದ ಕೊನೆಯ ಅವಧಿ ಸಾಕು. ಹಾಜರಿಪಟ್ಟಿಯ ಕ್ರಮದಲ್ಲಿಯೇ ಪಾತ್ರ ಹಂಚಲಿ, ಆಯ್ಕೆ ಬೇಡ.