ಅಂಚೆಯ ಗುಲಾಬಿ ಹಿತ್ತಲಲ್ಲಿ ಏಕೆ ಉಳಿಯದು?

ಬಣ್ಣದ ಚಿತ್ರ ನೋಡಿ ಅಂಚೆಯಲ್ಲಿ ತರಿಸಿದ ಗುಲಾಬಿ ಬಾಡಿತೆಂದರೆ ಕಳಿಸಿದವನನ್ನು ಬಯ್ಯುತ್ತೇವೆ. ಅವನ ತಪ್ಪು ಇರುವುದೂ ಉಂಟು. ಆದರೆ ನಾಗನೂರ, ಮೂಡಲಗಿ ಕಡೆ ಹೆಚ್ಚಿನ ತಪ್ಪು ನಮ್ಮ ಹಿತ್ತಲಿನದೇ ಎಂದು ನನ್ನ ಅಭಿಪ್ರಾಯ.

ಘಟಪ್ರಭಾ ಕಾಲುವೆಯ ನೀರುಂಡ ಎರೆಮಣ್ಣಿನಲ್ಲಿ ಕಬ್ಬು ತಾಳುವಷ್ಟು ತೇವವನ್ನು ಗುಲಾಬಿ ತಾಳದು. ಗಾಳಿಯಾಡದೆ ಬೇರು ಕೊಳೆಯುತ್ತದೆ. ಸವಳಿದ್ದಲ್ಲಿ ಎಲೆಯಂಚು ಸುಡುತ್ತದೆ. ಸಾಲದ್ದಕ್ಕೆ ಬಚ್ಚಲ ನೀರನ್ನೂ ಅದಕ್ಕೇ ಬಿಡುತ್ತೇವೆ! ಸೋಪು, ಸೋಡಾದ ನೀರು ಗುಲಾಬಿಗೆ ಬೇಡವೇ ಬೇಡ.

ಎರೆಯಲ್ಲಿ ತೋಡಿದ ಗುಂಡಿ ಬೋಗುಣಿಯಂತೆ ನೀರು ಹಿಡಿಯುತ್ತದೆ. ಆದ್ದರಿಂದ ಮಸಾರಿ ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ನೆಲದ ಮೇಲೆಯೇ 1½ ಅಡಿ ಎತ್ತರದ ಮಡಿ ಕಟ್ಟಿರಿ. ಹಣ ಕಳಿಸುವುದು ಆಮೇಲೆ. ಸಸಿ ಅಕ್ಟೋಬರ್-ನವೆಂಬರ್‌ನಲ್ಲಿ ಕೈಸೇರಲಿ. ಒಂದು ವಾರ ನೆರಳಿನಲ್ಲಿಟ್ಟು, ಕಸಿಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರುವಂತೆ ನೆಡಿರಿ. ಗಂಟಿನ ಕೆಳಗೊಡೆದ ಚಿಗುರನ್ನು ಬುಡಸಹಿತ ಕೀಳಿರಿ. ಬಿಟ್ಟರೆ, ಕೊಂಡದ್ದು ಗ್ಲಾಡಿಯೇಟರ್ ಆದರೂ ಕೊನೆಗೆ ಸಿಗುವುದು ಬೇರುಸಸಿಯ ಹೂವೇ.

ಇದೆಲ್ಲ ಶೋಕಿಯೆಂದು ನಗಬೇಡಿರಿ. ಗೋಧಿ ತಳಿಗಳಿಗೆ ಹೆಸರಾದ ಡಾ. ಬಿ. ಪಿ. ಪಾಲ್ ಅವರೇ ‘ದೆಹಲಿ ಪ್ರಿನ್ಸೆಸ್’ ಗುಲಾಬಿಯನ್ನೂ ಕೊಟ್ಟವರು.

ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯ ನಮಗೆ ದೂರವಲ್ಲ. ತಳಿಯ ವಿಷಯ ಅಲ್ಲಿ ವಿಚಾರಿಸಿರಿ. ಹತ್ತಿರದ ಸಸ್ಯಕ್ಷೇತ್ರದಲ್ಲಿ ಸಿಗುವುದನ್ನು ಕಣ್ಣಾರೆ ನೋಡಿಯೇ ಕೊಳ್ಳಿರಿ. ಸಿಗದ ತಳಿಗೆ ಮಾತ್ರ ಅಂಚೆಯಿರಲಿ, ಅದೂ ಮೊದಲ ವರ್ಷ ಎರಡೇ ಸಸಿ.