ಕುದುರೆಗೆ ಓಟ ಬಂದ್ರೆ ಸಾಲದು, ತಿರುವೂ ಬರ್ಬೇಕು

1/7

ನೇರವಾಗಿ ಹೇಳ್ಬಿಡ್ತೀನಿ. ಹಳೇ ಅಮೆರಿಕನ್ ಮಸಲ್ ಕಾರ್‌ಗೆ ಖರ್ಚು ಮಾಡೋಕೆ ದುಡ್ಡಿದ್ರೆ ಅದು ಮೊದಲು ಇಂಜಿನ್‌ಗೆ ಹೋಗಬಾರದು. ಟೈರ್, ಬುಷ್, ಶಾಕ್ ಅಬ್ಸಾರ್ಬರ್, ವೀಲ್ ಅಲೈನ್‌ಮೆಂಟ್. ಮೊದಲು ಇವು. ಇಂಜಿನ್ ಕೊನೆಗೆ.

ಗೊತ್ತು, ಇದು ರೀಲ್ಸ್‌ನಲ್ಲಿ ಓಡೋ ಮಾತಲ್ಲ. ವಿ8 ಗುಡುಗೋ ಸದ್ದು, ಹಿಂದಿನ ಚಕ್ರದಿಂದ ಏಳೋ ಹೊಗೆ, ಇವಕ್ಕೆ ಲಕ್ಷ ಲೈಕ್ ಬರುತ್ತೆ. ಅಲೈನ್‌ಮೆಂಟ್ ಶೀಟ್ ಫೋಟೋ ಹಾಕಿದ್ರೆ ಅಮ್ಮನೂ ಲೈಕ್ ಕೊಡಲ್ಲ.

"ಓಡಿಸೋದು ಸ್ಕೂಟರ್, ಬರೆಯೋದು ಮಸಲ್ ಕಾರ್ ಬಗ್ಗೆ" ಅಂತ ಕ್ಲಾಸಲ್ಲಿ ಕಾಲೆಳೀತೀರ. ಎಳೀರಿ. ಆದ್ರೆ ಬಿಕಾಂ ಓದೋ ನಮಗೆ ಇದಕ್ಕಿಂತ ಒಳ್ಳೇ ಕೇಸ್ ಸ್ಟಡಿ ಸಿಗಲ್ಲ. ಕೈಲಿರೋ ದುಡ್ಡು ಇಷ್ಟೇ. ಎಲ್ಲಿ ಹಾಕಿದ್ರೆ ಹೆಚ್ಚು ವಾಪಸ್ ಬರುತ್ತೆ? ಇದೇ ಪ್ರಶ್ನೆ. ಅದೂ ಅಲ್ದೆ, ಕೊನೇ ಕ್ಯಾಪ್ಶನ್‌ಗೆ ಬರೋ ಹೊತ್ತಿಗೆ ಇದು ನಮ್ಮ ಬೀದಿಯ ವಿಷಯಾನೂ ಹೌದು ಅಂತ ಗೊತ್ತಾಗುತ್ತೆ. ಏಳೂ ಓದಿ, ಆಮೇಲೆ ಜಗಳಕ್ಕೆ ಬನ್ನಿ.

2/7

1964ರ ಏಪ್ರಿಲ್ 17. ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಫೋರ್ಡ್ ಮಸ್ಟಾಂಗ್ ಹೊರಗೆ ಬಂತು. ಮಸ್ಟಾಂಗ್ ಅಂದ್ರೆ ಕಾಡು ಕುದುರೆ. ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು. ಉದ್ದ ಮೂತಿ, ಗಿಡ್ಡ ಬಾಲ, ಬೆಲೆ ಕೈಗೆಟುಕೋ ಹಾಗೆ.

ಮೈ ಹೊಸದು, ಆದ್ರೆ ಕೆಳಗಿದ್ದ ಹೆಚ್ಚಿನ ಭಾಗ ಫಾಲ್ಕನ್ ಅನ್ನೋ ಮನೆಮಂದಿ ಕಾರಿನದು. ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು, ಮೇಲಿನ ತೋಳಿನ ಮೇಲೆ ಕಾಯಿಲ್ ಸ್ಪ್ರಿಂಗ್. ಹಿಂದೆ ನಮ್ಮ ಲಾರಿಗಳಲ್ಲಿ ನೋಡ್ತೀರಲ್ಲ, ಅದೇ ಜಾತಿಯ ಪಟ್ಟಾ ಸ್ಪ್ರಿಂಗ್, ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಮೆತ್ತಗೆ ತೂಗಾಡ್ಕೊಂಡು ಆಫೀಸಿಗೆ ಹೋಗಿ ಬರೋಕೆ ಇದು ಸಾಕು. ನೇರ ರಸ್ತೇಲಿ ವೇಗಕ್ಕೂ ಸಾಕು. ತಿರುವು ಬಂದಾಗ ಮಾತ್ರ ಕಾರು ಹೊರಗಡೆಗೆ ವಾಲುತ್ತೆ, ಮೂತಿ ಹೇಳಿದ ಮಾತು ಕೇಳಲ್ಲ.

"ಮಸಲ್ ಕಾರಿಗೆ ತಿರುಗೋಕೇ ಬರಲ್ಲ" ಅನ್ನೋ ಮಾತು ಹುಟ್ಟಿದ್ದು ಇಂಥ ಕಾರುಗಳಿಂದ. ಅದು ಅರ್ಧ ಸತ್ಯ. ತಿರುಗೋಕೆ ಅವಕ್ಕೆ ಯಾರೂ ಸರಿಯಾಗಿ ಕಲಿಸಿರಲಿಲ್ಲ ಅಷ್ಟೇ. ಕಲಿಸಿದಾಗ ಏನಾಯ್ತು ಅಂತ ಮುಂದೆ ನೋಡಿ.

3/7

'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ ನೋಡಿದ್ದೀರ ತಾನೆ? ಅದರಲ್ಲಿ ಬರೋ ಕ್ಯಾರಲ್ ಶೆಲ್ಬಿ, ಕೆನ್ ಮೈಲ್ಸ್ ಇಬ್ರೂ ಈ ಕಥೇಲೂ ಇದ್ದಾರೆ. ಮಸ್ಟಾಂಗನ್ನ ರೇಸ್ ಕಾರ್ ಮಾಡಿಕೊಡಿ ಅಂತ ಫೋರ್ಡ್ ಶೆಲ್ಬಿನ ಕೇಳ್ತು. 1965ರ ಜಿಟಿ350 ಹುಟ್ಟಿದ್ದು ಹಾಗೆ.

ಇಂಜಿನ್ ಮುಟ್ಟಲೇ ಇಲ್ಲ ಅಂತಲ್ಲ. 271 ಹಾರ್ಸ್‌ಪವರ್ ಇದ್ದದ್ದು 306 ಆಯ್ತು. ಆದ್ರೆ ನನಗೆ ಇಷ್ಟ ಆಗಿದ್ದು ಬೇರೆ ಕೆಲಸ. ಫೋರ್ಡ್‌ನ ಸಸ್ಪೆನ್ಷನ್ ಇಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿ ಒಂದು ದಾರಿ ತೋರಿಸಿದ್ರು. ಮೇಲಿನ ತೋಳು ಬಾಡಿಗೆ ಕೂರೋ ಜಾಗಾನ ಒಂದು ಇಂಚು ಕೆಳಗಿಳಿಸೋದು. ಅಂದ್ರೆ ಒಂದೊಂದು ಪಕ್ಕದಲ್ಲಿ ಎರಡೆರಡು ಹೊಸ ತೂತು ಕೊರೆದು, ಅದೇ ತೋಳನ್ನ ಅದೇ ಬೋಲ್ಟ್‌ನಲ್ಲಿ ಅಲ್ಲಿ ಕೂರಿಸೋದು. ಅಷ್ಟೇ.

ಇದರಿಂದ ಏನಾಗುತ್ತೆ? ನಿಮ್ಮ ಅಂಗೈನ ಟೇಬಲ್ ಮೇಲೆ ಪೂರ್ತಿ ಊರಿ ಪಕ್ಕಕ್ಕೆ ತಳ್ಳಿ. ಜಾರಲ್ಲ. ಈಗ ಅಂಗೈ ಎತ್ತಿ ಅಂಚು ಮಾತ್ರ ಊರಿ ತಳ್ಳಿ. ಸುಲಭವಾಗಿ ಜಾರುತ್ತೆ. ಟೈರೂ ಹಾಗೇನೇ. ತಿರುವಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರಾನೂ ಅದರ ಜೊತೆ ಹೊರಕ್ಕೆ ವಾಲಿ ಅಂಚಿನ ಮೇಲೆ ನಿಲ್ಲುತ್ತೆ. ತೋಳಿನ ಒಳತುದಿ ಕೆಳಗಿಳಿದ್ರೆ, ಚಕ್ರ ಮೇಲೆ ಒತ್ತಿಕೊಂಡಾಗ ತೋಳು ಅದರ ತಲೆಯನ್ನ ಒಳಕ್ಕೆ ಎಳೆಯುತ್ತೆ. ಕಾರು ವಾಲಿದ್ರೂ ಟೈರ್ ನೆಲದ ಮೇಲೆ ಹೆಚ್ಚು ಚಪ್ಪಟೆಯಾಗಿ ಕೂರುತ್ತೆ.

1965ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಗ್ರೀನ್ ವ್ಯಾಲಿಯಲ್ಲಿ ಜಿಟಿ350 ತನ್ನ ಮೊದಲ ರೇಸ್ ಗೆದ್ದಾಗ ಸ್ಟೀರಿಂಗ್ ಹಿಡಿದಿದ್ದು ಕೆನ್ ಮೈಲ್ಸ್. ಇವತ್ತಿಗೂ ಹಳೇ ಮಸ್ಟಾಂಗ್ ಇಟ್ಕೊಂಡಿರೋರು ಮನೆ ಗ್ಯಾರೇಜಲ್ಲಿ ಅಳತೆ ತಗಡು ಹಿಡಿದು ಅದೇ ತೂತು ಕೊರೀತಾರೆ. ಅದಕ್ಕೆ ಹೆಸರೇ 'ಶೆಲ್ಬಿ ಡ್ರಾಪ್'. ಯೋಚನೆ ದೊಡ್ಡದು, ಖರ್ಚು ಡ್ರಿಲ್ ಬಿಟ್‌ನದ್ದು.

4/7

ಈಗ ನಮ್ಮ ಎಕನಾಮಿಕ್ಸ್ ಪುಸ್ತಕ ತೆಗೀರಿ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಮೊದಲ ಮಸಾಲೆ ದೋಸೆ ಸ್ವರ್ಗ, ಎರಡನೇದು ಪರವಾಗಿಲ್ಲ, ಮೂರನೇದು ಶಿಕ್ಷೆ. ಟೈರಿಗೂ ಇದೇ ಕಾನೂನು. ಟೈರ್ ಮೇಲೆ ಭಾರ ಹೆಚ್ಚಿದ್ರೆ ಹಿಡಿತ ಹೆಚ್ಚುತ್ತೆ, ಆದ್ರೆ ಭಾರ ದುಪ್ಪಟ್ಟಾದ್ರೆ ಹಿಡಿತ ದುಪ್ಪಟ್ಟಾಗಲ್ಲ, ಅದಕ್ಕಿಂತ ಕಮ್ಮೀನೇ.

ತಿರುವಲ್ಲಿ ಒಳಗಿನ ಟೈರಿಂದ ಹೊರಗಿನ ಟೈರಿಗೆ ಭಾರ ದಾಟುತ್ತೆ. ಹೊರಗಿನದಕ್ಕೆ ಬಂದ ಲಾಭ ಒಳಗಿನದಕ್ಕೆ ಆದ ನಷ್ಟವನ್ನ ತುಂಬಲ್ಲ. ಒಟ್ಟು ಹಿಡಿತ ಇಳಿಯುತ್ತೆ. ಎಷ್ಟು ಭಾರ ದಾಟುತ್ತೆ ಅನ್ನೋದು ಹೆಚ್ಚುಕಮ್ಮಿ ನಾಲ್ಕೇ ವಿಷಯದ ಮೇಲೆ ನಿಂತಿದೆ: ಕಾರಿನ ತೂಕ, ಆ ತೂಕ ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಎಷ್ಟು ಅಗಲ ಇದೆ, ನೀವೆಷ್ಟು ಜೋರಾಗಿ ತಿರುಗಿಸಿದ್ರಿ.

ಗಮನಿಸಿದ್ರಾ? ಗಟ್ಟಿ ಸ್ಪ್ರಿಂಗ್ ಆ ಪಟ್ಟೀಲಿಲ್ಲ. ಸ್ಪ್ರಿಂಗ್, ಸ್ವೇ ಬಾರ್ ಇವು ಆ ಮೊತ್ತವನ್ನ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಅಂತ ಹಂಚುತ್ತವೆ. ಪಾಲುದಾರಿಕೆ ಖಾತೇಲಿ ಲಾಭ ಹಂಚೋ ಅನುಪಾತ ಬದಲಾಯಿಸಿದ ಹಾಗೆ. ಅನುಪಾತ ಬದಲಾದ್ರೆ ಒಟ್ಟು ಲಾಭ ಬೆಳೆಯಲ್ಲ, ಯಾರ ಪಾಲು ಎಷ್ಟು ಅನ್ನೋದು ಮಾತ್ರ ಬದಲಾಗುತ್ತೆ.

ಸ್ವೇ ಬಾರ್ ಅಂದ್ರೆ ಎಡ ಬಲ ಚಕ್ರಗಳನ್ನ ಜೋಡಿಸೋ ಕಬ್ಬಿಣದ ಸರಳು, ಕಾರು ವಾಲೋದನ್ನ ತಡೆಯುತ್ತೆ. ಅದರ ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತೆ. ಮುಕ್ಕಾಲು ಇಂಚಿನ ಸರಳು ತೆಗೆದು ಒಂದು ಇಂಚಿನದು ಹಾಕಿದ್ರೆ ಗಟ್ಟಿತನ ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ "ಸ್ವಲ್ಪ ದಪ್ಪದ್ದು ಹಾಕ್ಸೋಣ" ಅನ್ನೋದು ಸ್ವಲ್ಪ ಅಲ್ಲ. ಹಿಂದಿನ ಬಾರ್ ಕಣ್ಮುಚ್ಚಿ ದಪ್ಪ ಮಾಡಿದ್ರೆ ತಿರುವಲ್ಲಿ ಬಾಲ ಜಾರಿ ಕಾರು ಗಿರಕಿ ಹೊಡೆಯುತ್ತೆ.

5/7

ಹಾಗಾದ್ರೆ ದುಡ್ಡು ಯಾವ ಕ್ರಮದಲ್ಲಿ? ನನ್ನ ಪಟ್ಟಿ ಇದು. ಸೇವ್ ಮಾಡ್ಕೊಳ್ಳಿ.

ಒಂದು, ಟೈರ್. ರಸ್ತೆ ಮುಟ್ಟೋದು ಅದೊಂದೇ. ಆ ಕಾಲದ ಕಾರುಗಳು ಬಯಾಸ್ ಪ್ಲೈ ಟೈರಿಗೆ ಅಂತ ತಯಾರಾದವು. ಒಳ್ಳೇ ರೇಡಿಯಲ್ ಹಾಕಿದ್ರೇ ಕಾರಿನ ಸ್ವಭಾವ ಬದಲಾಗುತ್ತೆ.

ಎರಡು, ರಬ್ಬರ್ ಬುಷ್, ಬಾಲ್ ಜಾಯಿಂಟ್. ಅರವತ್ತು ವರ್ಷದ ರಬ್ಬರ್ ಪುಡಿ ಪುಡಿ. ಅದರ ಮೇಲೆ ಏನು ಸೆಟ್ ಮಾಡಿದ್ರೂ ನಿಲ್ಲಲ್ಲ.

ಮೂರು, ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಕುಣಿಯೋದನ್ನ ಹಿಡಿದು ನಿಲ್ಲಿಸೋದು ಇದರ ಕೆಲಸ. ಜಿಟಿ350ಗೆ ಹಾಕಿದ್ದು ಕೋನಿ ಶಾಕ್.

ನಾಲ್ಕು, ಅಲೈನ್‌ಮೆಂಟ್. ಹಳೇ ಕೈಪಿಡಿಯ ಅಂಕಿ ಹಳೇ ಟೈರಿಗೆ ಬರೆದಿದ್ದು. ರೇಡಿಯಲ್‌ಗೆ ಚಕ್ರದ ತಲೆ ಅರ್ಧದಿಂದ ಒಂದು ಡಿಗ್ರಿ ಒಳಕ್ಕೆ ವಾಲಿದ್ರೆ ರಸ್ತೆ ಬಳಕೆಗೆ ಚೆನ್ನ. ಶೆಲ್ಬಿ ಡ್ರಾಪ್ ಮಾಡೋದಿದ್ರೆ ಅಲೈನ್‌ಮೆಂಟ್‌ಗೆ ಮುಂಚೆ ಮುಗಿಸಿ.

ಐದು, ಮುಂದಿನ ಸ್ವೇ ಬಾರ್, ಆಮೇಲೆ ಅಳತೆಗೆ ತಕ್ಕ ಸ್ಪ್ರಿಂಗ್.

ಆರು, ಹಿಂದಿನ ಆಕ್ಸಲ್‌ನ ಕಟ್ಟುಪಾಡು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಪಟ್ಟಾ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿ ಚಕ್ರ ಕುಪ್ಪಳಿಸುತ್ತೆ. ಅದಕ್ಕೆ ಟ್ರ್ಯಾಕ್ಷನ್ ಬಾರ್. ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯೋಕೆ ಪ್ಯಾನ್‌ಹಾರ್ಡ್ ರಾಡ್.

ಬ್ರೇಕ್ ಎಲ್ಲಿ ಅಂತ ಕೇಳ್ಬೇಡಿ. ಬ್ರೇಕ್ ಸರಿ ಇಲ್ಲದ ಕಾರಿಗೆ ಈ ಪಟ್ಟೀನೇ ಇಲ್ಲ.

6/7

ನನ್ನ ಮಾತಿಗೆ ಎದುರು ವಾದ ಮೂರಿವೆ. ಮೂರರಲ್ಲೂ ಒಂದಿಷ್ಟು ನ್ಯಾಯ ಇದೆ.

"ಹಳೇ ಕಾರಿಗೆ ತೂತು ಕೊರೆಯೋದು ಇತಿಹಾಸಕ್ಕೆ ತೂತು ಕೊರೆದ ಹಾಗೆ." ಕಾರ್ಖಾನೆಯಿಂದ ಬಂದ ಇಂಜಿನ್, ಗೇರ್‌ಬಾಕ್ಸ್ ಸಮೇತ ಉಳಿದಿರೋ ಅಪರೂಪದ ಕಾರಾದ್ರೆ ಒಪ್ತೀನಿ, ಮುಟ್ಬೇಡಿ. ಆದ್ರೆ ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಕೂಪೆಗೆ ಆ ಮಾತು ಅನ್ವಯಿಸಲ್ಲ. ಶೆಲ್ಬಿ ತೂತು ಕೊರೆದಾಗ ಅದು ಹೊಚ್ಚ ಹೊಸ ಕಾರು. ಆ ತೂತೇ ಈಗ ಇತಿಹಾಸ.

"ಪೂರ್ತಿ ಕಿಟ್ ಹಾಕ್ಸಿದ್ರೆ ಒಂದೇ ಸಲ ಮುಗೀತಲ್ಲ." ಕಾಯಿಲೋವರ್, ಕೊಳವೆ ತೋಳುಗಳು, ಎಲ್ಲ ಸೇರಿ ಸಾವಿರಾರು ಡಾಲರ್. ಒಳ್ಳೇ ಸಾಮಾನೇ. ಆದ್ರೆ ಒಟ್ಟಿಗೆ ಹತ್ತು ಭಾಗ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಒಂದೊಂದಾಗಿ ಬದಲಾಯಿಸಿ, ಓಡಿಸಿ, ಬರೆದಿಡಿ. ಆಡಿಟ್ ಅಂದ್ರೆ ಇದೇ ಅಲ್ವಾ?

"ಮಸಲ್ ಕಾರಿನ ಆತ್ಮಾನೇ ನೇರ ಓಟ." ಹಾಗಿದ್ರೆ ಅಮೆರಿಕದ ಟ್ರಾನ್ಸ್-ಆಮ್ ರೇಸ್‌ಗೆ ಏನಂತೀರ? 1966ರಲ್ಲಿ ಶುರುವಾದ ಆ ಸರಣೀಲಿ ದೊಡ್ಡ ವರ್ಗದ ಕಾರುಗಳಿಗೂ ಇಂಜಿನ್ 5 ಲೀಟರ್ ದಾಟೋ ಹಾಗಿರಲಿಲ್ಲ. ಷೆವ್ರೊಲೆ ಕಮಾರೊ ಝೆಡ್/28 ಹುಟ್ಟಿದ್ದೇ ಆ ನಿಯಮಕ್ಕೆ. 1968, 1969ರಲ್ಲಿ ತಯಾರಕರ ಪಟ್ಟ ಷೆವ್ರೊಲೆಗೆ, 1970ರಲ್ಲಿ ಫೋರ್ಡ್‌ಗೆ. ಅಲ್ಲಿದ್ದ ಟ್ರ್ಯಾಕ್‌ಗಳು ತಿರುವು ತುಂಬಿದವು. ಇಂಜಿನ್‌ಗೆ ಮಿತಿ ಹಾಕಿದ ಮೇಲೆ ಗೆಲ್ಲೋಕೆ ಉಳಿಯೋದು ಚಾಸಿ, ಬ್ರೇಕ್, ಚಾಲಕ.

ಮಸ್ಟಾಂಗ್‌ಗಂತೂ ಹಿಂದಿನ ಗಟ್ಟಿ ಆಕ್ಸಲ್ ಬಿಟ್ಟು ಹೊರಬರೋಕೆ ಅರ್ಧ ಶತಮಾನ ಬೇಕಾಯ್ತು. ನಡುವೆ ಬಂದ ಕೆಲವು ಕೋಬ್ರಾ ಮಾಡೆಲ್ ಬಿಟ್ರೆ, ಎಲ್ಲಾ ಮಸ್ಟಾಂಗ್‌ಗೂ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಸಿಕ್ಕಿದ್ದು 2015ರ ಮಾಡೆಲ್‌ನಿಂದ. 2016ರಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂದಿದ್ದೂ ಅದೇ ಪೀಳಿಗೆ. ಆಗ ದೆಹಲಿ ಎಕ್ಸ್ ಶೋರೂಮ್ ಬೆಲೆ ಸುಮಾರು 65 ಲಕ್ಷ ಇತ್ತು. ಹಿಂದಿನ ಚಕ್ರಗಳ ಬಗ್ಗೆ ಯೋಚಿಸಿ ಮಾಡಿದ ಕೆಲಸಾನೂ ಆ ಬೆಲೇಲಿ ಸೇರಿತ್ತು.

7/7

ಈಗ ನಮ್ಮ ಬೀದಿಗೆ ಬನ್ನಿ. ಮಸಲ್ ಕಾರ್ ನಮ್ಮಲ್ಲಿ ಯಾರ ಮನೇಲೂ ಇಲ್ಲ. ಆದ್ರೆ ಆ ವೀಡಿಯೊಗಳ ಗುಂಗು ನಮ್ಮ ಫೋನಲ್ಲಿದೆ. ನೆಲಕ್ಕೆ ಅಂಟಿದ ಹಾಗೆ ಕಾಣೋ ಕಾರು ನೋಡಿ, ಮನೇಲಿರೋ ಸೆಕೆಂಡ್ ಹ್ಯಾಂಡ್ ಸಣ್ಣ ಕಾರನ್ನ ಗ್ಯಾರೇಜಿಗೆ ಒಯ್ದು "ಅಣ್ಣಾ, ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿ" ಅನ್ನೋರಿದ್ದಾರೆ. ಈ ಸರಣಿ ಬರೆದಿದ್ದು ಅವರಿಗೋಸ್ಕರ.

ಕಾರು ತಗ್ಗಿದ್ರೆ ತೂಕದ ಎತ್ತರ ಇಳಿಯುತ್ತೆ ನಿಜ. ಆದ್ರೆ ಸ್ಪ್ರಿಂಗ್ ಕತ್ತರಿಸಿದಾಗ ಚಕ್ರ ಮೇಲೆ ಕೆಳಗೆ ಆಡೋ ಜಾಗಾನೂ ಕಮ್ಮಿ ಆಗುತ್ತೆ. ಚಾರ್ಮಾಡಿ ಘಾಟಿಯ ತಿರುವಲ್ಲಿ ಒಂದು ಗುಂಡಿ ಸಿಕ್ಕಿದ್ರೆ ಸಸ್ಪೆನ್ಷನ್ ತಳ ಮುಟ್ಟಿ ಧಡ್ ಅಂತ ನಿಲ್ಲುತ್ತೆ. ಆ ಕ್ಷಣ ಕಾರಿಗೆ ಸಸ್ಪೆನ್ಷನ್ನೇ ಇಲ್ಲ. ಟೈರ್ ಹಾರುತ್ತೆ, ಹಿಡಿತ ಹೋಗುತ್ತೆ, ಪಕ್ಕದಲ್ಲಿ ಕಣಿವೆ ಇರುತ್ತೆ. ಶಾಕ್, ಅಲೈನ್‌ಮೆಂಟ್ ಎರಡೂ ಹಳೇದೇ ಉಳಿದಿದ್ರೆ ಇನ್ನೂ ಕೆಟ್ಟದು. ಗ್ಯಾಸ್ ಟಾರ್ಚಲ್ಲಿ ಕಾಯಿಸಿ ಇಳಿಸಿದ್ರಂತೂ ಉಕ್ಕಿನ ಹದಾನೇ ಹಾಳು.

ಕಾನೂನೂ ನೋಡ್ಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋದನ್ನ ತಡೆಯುತ್ತೆ. ಒಳ್ಳೇ ಟೈರ್, ಹೊಸ ಬುಷ್, ಕಂಪನಿ ಅಳತೆಯ ಶಾಕ್, ಸರಿಯಾದ ಅಲೈನ್‌ಮೆಂಟ್, ಇವಕ್ಕೆ ಯಾರ ತಕರಾರೂ ಇಲ್ಲ. ಪಟ್ಟಿಯ ಮೊದಲ ನಾಲ್ಕು ಸಾಲು ನಮ್ಮ ಮನೆ ಕಾರಿಗೂ ಹೊಂದುತ್ತೆ ಅಂತ ಈಗ ಗೊತ್ತಾಯ್ತಲ್ಲ?

ಆರ್ನಿಂಗ್ ಆ ಕಾರನ್ನ ಚೆಂದ ಕಾಣಿಸೋಕೆ ಹೋಗಲಿಲ್ಲ. ಟೈರ್ ನೆಲದ ಮೇಲೆ ಹೇಗೆ ಕೂರುತ್ತೆ ಅಂತ ಲೆಕ್ಕ ಹಾಕಿದ್ರು. ಈ ವಾರ ಮನೆ ಕಾರಿನ ಮುಂದಿನ ಟೈರ್ ಮುಟ್ಟಿ ನೋಡಿ. ಸವೆತ ಅಂಚಲ್ಲಿದ್ಯಾ, ನಡುವೆ ಇದ್ಯಾ, ಸಮ ಇದ್ಯಾ? ಫೋಟೋ ಕಾಮೆಂಟಲ್ಲಿ ಹಾಕಿ. ಕಾರು ಎಷ್ಟು ತಗ್ಗಿದೆ ಅಂತ ಯಾರೂ ಹೇಳ್ಬೇಡಿ.

#ಮಸಲ್‌ಕಾರ್ #ಸಸ್ಪೆನ್ಷನ್ #ಕನ್ನಡದಲ್ಲಿಕಾರು #ಬಿಕಾಂಬುದ್ಧಿ