ಮಹಡಿ ಮಾರುವವರು ನೀರಿನ ಲೆಕ್ಕ ಕೊಡಲಿ

ಫ್ಲಾಟಿನಲ್ಲಿರುವವರು ಕಷ್ಟ ಹೇಳಿಕೊಂಡರೆ ಬೆಂಗಳೂರಿನಲ್ಲಿ ಸಿಗುವ ಉತ್ತರ ಒಂದೇ. ‘ನಿಮಗೇನ್ರೀ ಕಮ್ಮಿ? ಈಜುಕೊಳ ಇದೆ, ಜಿಮ್ ಇದೆ, ಗೇಟಿಗೊಬ್ಬ ಸೆಕ್ಯುರಿಟಿ ಇದಾನೆ.’ ರಾಜಕಾರಣಿಗಳಿಗಂತೂ ಈ ಉತ್ತರ ಬಲು ಇಷ್ಟ. ಇವರು ವೋಟು ಹಾಕುವವರಲ್ಲ, ಮೊಬೈಲಿನಲ್ಲಿ ಕೂಗಾಡುವವರು ಎಂಬ ಅಸಡ್ಡೆಯೂ ಅದರ ಜೊತೆಗಿರುತ್ತದೆ. ಆ ಅಸಡ್ಡೆಯಲ್ಲಿ ಒಂದಿಷ್ಟು ಸತ್ಯವಿದೆ, ಆಮೇಲೆ ಬರುತ್ತೇನೆ. ಆದರೆ ಹದಿನಾಲ್ಕನೇ ಮಹಡಿಯ ಸಂಕಟವೆಲ್ಲ ಕೊಂಡವನ ದುರಾಸೆಯ ಫಲ, ಇಲ್ಲವೇ ಅವನ ಮನಸ್ಸಿನ ದೌರ್ಬಲ್ಯ ಎಂದು ಕೈತೊಳೆದುಕೊಳ್ಳುವುದು ಶುದ್ಧ ವಂಚನೆ. ಈ ಊರಿನಲ್ಲಿ ಸರ್ಕಾರ ಆಕಾಶವನ್ನು ಮಾರಿ ದುಡ್ಡು ಎಣಿಸಿಕೊಳ್ಳುತ್ತದೆ. ನೀರು, ಕೊಳಚೆ, ಕಸ ಎಂಬ ನೆಲದ ಮೇಲಿನ ಕೆಲಸಗಳನ್ನೆಲ್ಲ ಆ ಆಕಾಶ ಕೊಂಡವನ ಹೆಗಲಿಗೆ ಹೊರಿಸುತ್ತದೆ. ಸಾಲದ ಕಂತು, ಮೇಂಟೆನೆನ್ಸ್, ಮನೆಯೊಳಗಿನ ಜಗಳ, ನಿದ್ದೆಗೆಟ್ಟ ರಾತ್ರಿ ಎಲ್ಲದರ ಬೇರೂ ಇಲ್ಲಿದೆ.

‘ಪ್ರೀಮಿಯಂ ಎಫ್‌ಎಆರ್’ ಎಂಬ ಮಾತು ಈಗ ಬಿಲ್ಡರ್‌ಗಳ ಕಚೇರಿಯಿಂದ ವಿಧಾನಸೌಧದವರೆಗೆ ಓಡಾಡುತ್ತಿದೆ. ಒಂದು ನಿವೇಶನದಲ್ಲಿ ಇಷ್ಟೇ ಚದರಡಿ ಕಟ್ಟಬೇಕೆಂಬ ಮಿತಿಯಿದೆಯಲ್ಲ, ಮಾರ್ಗಸೂಚಿ ದರದ ಒಂದು ಪಾಲನ್ನು ಸರ್ಕಾರಕ್ಕೆ ಕಟ್ಟಿದರೆ ಆ ಮಿತಿ ದಾಟಿಯೂ ಕಟ್ಟಬಹುದು. ಊರು ಅಡ್ಡಡ್ಡ ಹಬ್ಬಿ ಕೆರೆ ನುಂಗುವುದಕ್ಕಿಂತ ಮೇಲಕ್ಕೆ ಬೆಳೆಯಲಿ ಎಂಬ ವಾದ ನನಗೂ ಒಪ್ಪಿಗೆಯೇ. ಆದರೆ ಯಾವ ನಕ್ಷೆಯನ್ನು ಮುಂದಿಟ್ಟುಕೊಂಡು? ನಗರದ ಮಾಸ್ಟರ್ ಪ್ಲಾನ್ 2007ರಲ್ಲಿ ಹೊರಟಿದ್ದು, 2015ರವರೆಗೆ ಎಂದು ಬರೆದಿದ್ದು. 2031ರದ್ದು ಕರಡಿನಲ್ಲೇ 2020ರಲ್ಲಿ ಮೂಲೆ ಸೇರಿತು. ಅವಧಿ ಮುಗಿದ ನಕ್ಷೆಯ ಮೇಲೆ ಮಹಡಿ ಪೇರಿಸುತ್ತಾ ಹೋಗುವುದಕ್ಕೆ ಯೋಜನೆ ಎಂಬ ಹೆಸರು ಬೇರೆ. ಕೇಳೋಣವೆಂದರೆ ಕಾರ್ಪೊರೇಟರ್ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆಯನ್ನು ವರ್ಷಗಟ್ಟಲೆ ತಳ್ಳಿದರು. 2025ರಲ್ಲಿ ಗ್ರೇಟರ್ ಬೆಂಗಳೂರು ಎಂದು ಹೆಸರಿಟ್ಟು ಒಂದು ಪಾಲಿಕೆಯನ್ನು ಐದು ಮಾಡಿದರು.

ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ಈ ವಂಚನೆ ಬೆತ್ತಲಾಗುವುದು ಅಲ್ಲೇ. 2007ರಲ್ಲಿ ಬಿಬಿಎಂಪಿಗೆ 110 ಹಳ್ಳಿಗಳನ್ನು ಸೇರಿಸಿದರು. ಆ ಹಳ್ಳಿಗಳ ಹೊಲಗಳಲ್ಲೇ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಸುತ್ತಮುತ್ತಲಿನ ಎಷ್ಟೋ ಗೋಪುರಗಳು ಎದ್ದವು. ಅಲ್ಲಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಕಟ್ಟಡದ ಪ್ಲಾನಿಗೆ ಮಂಜೂರಾತಿ ನಿಲ್ಲಲಿಲ್ಲ, ಶುಲ್ಕದ ವಸೂಲಿ ನಿಲ್ಲಲಿಲ್ಲ. ನೀರು ಮಾತ್ರ ಬರಲಿಲ್ಲ. ಬೋರ್‌ವೆಲ್ ಕೊರೆದು, ಅದು ಬತ್ತಿದ ಮೇಲೆ ಇನ್ನೊಂದು ಕೊರೆದು, ಕೊನೆಗೆ ಟ್ಯಾಂಕರ್‌ಗೆ ಶರಣಾದರು ಜನ. ಉದ್ಘಾಟನೆಗೆ ಏಳು ತಿಂಗಳ ಮುಂಚೆ, 2024ರ ಮಾರ್ಚ್‌ನಲ್ಲಿ ಏನಾಯಿತೆಂದು ಯಾರೂ ಮರೆತಿಲ್ಲ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗೆ ಒಂದು ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಆದೇಶಿಸಿತು. ಜಿಲ್ಲಾಡಳಿತದ ದರಕ್ಕೆ ಟ್ಯಾಂಕರ್ ಕೇಳಿದವರಿಗೆ ‘ನಾಳೆ ನೋಡೋಣ ಸಾರ್’ ಎಂಬ ಉತ್ತರ ಸಿಗುತ್ತಿತ್ತು.

ನಾನಿರುವ ಸಮುಚ್ಚಯದಲ್ಲಿ ಬೆಳಗಿನ ಜಾವ ಟ್ಯಾಂಕರ್ ಬಂದರೆ ಸೆಕ್ಯುರಿಟಿಯವನು ಒಂದು ರೂಲ್ ಪುಸ್ತಕದಲ್ಲಿ ಗಾಡಿ ನಂಬರ್, ಸಮಯ ಬರೆದುಕೊಂಡು ಡ್ರೈವರ್ ಕೈಲಿ ಸಹಿ ಹಾಕಿಸುತ್ತಾನೆ. ನೀರನ್ನು ಇಲ್ಲಿ ಲೀಟರಿನಲ್ಲಿ ಯಾರೂ ಹೇಳುವುದಿಲ್ಲ, ಲೋಡಿನಲ್ಲಿ ಹೇಳುತ್ತಾರೆ. ಆ ಬೇಸಿಗೆಯಲ್ಲಿ ‘ಇವತ್ತು ಎಷ್ಟು ಲೋಡು?’ ಎಂಬುದೇ ಲಿಫ್ಟಿನಲ್ಲಿ ಕುಶಲ ವಿಚಾರಿಸುವ ರೀತಿಯಾಗಿಹೋಗಿತ್ತು. ತುಂಬಿದ ಲೋಡು ಬಂತೋ, ಅರೆಬರೆ ಬಂತೋ ಎಂಬ ಅನುಮಾನಕ್ಕೆ ಸೆಕ್ಯುರಿಟಿಯವನನ್ನು ಟ್ಯಾಂಕರ್ ಮೇಲೆ ಹತ್ತಿಸಿ ಮುಚ್ಚಳ ತೆಗೆಸಿ ಟಾರ್ಚ್ ಬಿಡಿಸುತ್ತಿದ್ದರು. ಹನ್ನೆರಡು ತಾಸಿನ ಪಾಳಿ ಮಾಡುವವನಿಗೆ ಇದೊಂದು ಹೆಚ್ಚುವರಿ ಕೆಲಸ.

ಬಳಸಿದ ನೀರಿನ ಕಥೆ ಇದಕ್ಕಿಂತ ಹೊಲಸು. ದೊಡ್ಡ ಸಮುಚ್ಚಯಕ್ಕೆ ಕೊಳಚೆ ನೀರು ಶುದ್ಧಿ ಮಾಡುವ ಘಟಕ (ಎಸ್‌ಟಿಪಿ) ಕಡ್ಡಾಯ. ಪರಿಸರದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಕೊಳಚೆ ಶುದ್ಧಿ ಮಾಡುವುದು ಯಾರ ಕಸುಬು? ಹಗಲೆಲ್ಲ ಕೋಡ್ ಬರೆಯುವವನು, ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬ ಹಲ್ಲಿನ ವೈದ್ಯೆ ಸೇರಿ ಕಮಿಟಿ ಮಾಡಿಕೊಂಡು, ಬ್ಲೋವರ್ ಕೆಟ್ಟಿತೋ ಬ್ಯಾಕ್ಟೀರಿಯಾ ಸತ್ತಿತೋ ಎಂದು ವಾಟ್ಸಾಪ್‌ನಲ್ಲಿ ವಾದಿಸುತ್ತಾರೆ. ನೀರಿನ ಪರೀಕ್ಷೆಯಲ್ಲಿ ಅಂಕಿ ಏರುಪೇರಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುವುದು ಇವರ ಹೆಸರಿಗೆ. ಕಡಿಮೆ ದರದ ಗುತ್ತಿಗೆದಾರನನ್ನು ಹುಡುಕಿದರೆ ಅದರ ಬೆಲೆ ತೆರುವವರು ಬೇರೆ: 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಬಳಿಯ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಕಸವೂ ಹೀಗೆಯೇ, ದೊಡ್ಡ ಸಮುಚ್ಚಯ ತನ್ನ ಕಸವನ್ನು ತಾನೇ ವಿಲೇವಾರಿ ಮಾಡಿಕೊಳ್ಳಬೇಕು. ಒಂದೊಂದು ಗೇಟಿನೊಳಗೂ ಒಂದೊಂದು ಪುರಸಭೆ. ಅಧಿಕಾರ ಇಲ್ಲ, ಅನುದಾನ ಇಲ್ಲ, ಎಂಜಿನಿಯರ್ ಇಲ್ಲ, ಆಸ್ತಿ ತೆರಿಗೆಯಲ್ಲಿ ಅದಕ್ಕೆ ತಕ್ಕ ರಿಯಾಯಿತಿಯೂ ಇಲ್ಲ.

ತೆರಿಗೆ ವಿನಾಯಿತಿ ಹಾಗಿರಲಿ, ಈ ಪುರಸಭೆ ಕೆಲಸಕ್ಕೇ ತೆರಿಗೆ ಇದೆ. ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ಮೀರಿದರೆ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದರೆ, ಶೇ. 18 ಜಿಎಸ್‌ಟಿ. ಎಂಟು ಸಾವಿರ ಕಟ್ಟುವವನು ಮೀರಿದ ಐನೂರಕ್ಕೆ ಮಾತ್ರ ತೆರಿಗೆ ಕಟ್ಟಿದರೆ 90 ರೂಪಾಯಿ. ಪೂರ್ತಿ ಮೊತ್ತಕ್ಕೆ ಕಟ್ಟಿದರೆ 1,440. ಪೂರ್ತಿಗೇ ಕಟ್ಟಿ ಎಂದು 2019ರಲ್ಲಿ ಇಲಾಖೆಯ ಸುತ್ತೋಲೆ ಬಂತು. ಮೀರಿದ ಮೊತ್ತಕ್ಕೆ ಮಾತ್ರ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಇಲ್ಲಿ ಒಬ್ಬ ಆಡಿಟರ್ ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಜನ ಚಂದಾ ಎತ್ತಿ ಮಾಡಿಕೊಂಡರೆ ಅದು ‘ಸೇವೆ’ಯಂತೆ, ಅದರ ಮೇಲೆ ತೆರಿಗೆಯಂತೆ. ಸ್ವಲ್ಪ ನಾಚಿಕೆ ಬೇಡವೇ?

ಇದೆಲ್ಲ ಬರುವುದು ಇಎಂಐ ಕಟ್ಟಿದ ಮೇಲೆ ಉಳಿದ ಸಂಬಳದಿಂದ. ಒಂದು ಲೆಕ್ಕ ಹಾಕೋಣ. 2021ರಲ್ಲಿ ಗೃಹಸಾಲದ ಬಡ್ಡಿ ಶೇ. 6.7ರ ಆಸುಪಾಸಿನಲ್ಲಿತ್ತು. 80 ಲಕ್ಷ ಸಾಲ, 20 ವರ್ಷ ಅಂದರೆ ಕಂತು ಸುಮಾರು 60,600 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಬ್ಯಾಂಕು ಅಷ್ಟನ್ನೂ ದಾಟಿಸಿದರೆ ಬಡ್ಡಿ ಶೇ. 9.2. ಆ ದರಕ್ಕೆ 80 ಲಕ್ಷದ ತಿಂಗಳ ಬಡ್ಡಿಯೇ 61,300! ಅಷ್ಟರಲ್ಲಿ ಎರಡು ಮೂರು ಲಕ್ಷ ಅಸಲು ತೀರಿದ್ದರಿಂದ ಕಂತು ಹೇಗೋ ಬಡ್ಡಿಗೆ ಸರಿಹೋಯಿತು, ಅಸಲು ಕರಗುವುದು ಮಾತ್ರ ಹೆಚ್ಚುಕಮ್ಮಿ ನಿಂತೇಹೋಯಿತು. ಬ್ಯಾಂಕುಗಳು ಕಂತು ಏರಿಸದೆ ಅವಧಿಯನ್ನು ಸದ್ದಿಲ್ಲದೆ ಎಳೆದವು. ಸಾಲಗಾರನನ್ನು ಕೇಳಿ ಮಾಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಆಗಸ್ಟ್‌ನಲ್ಲಿ. 2025ರಲ್ಲಿ ದರ ಇಳಿಯಿತು, ನಿಜ. ಆದರೆ ಐವತ್ತೈದಕ್ಕೆ ಸಾಲ ತೀರುತ್ತದೆಂದು ನಂಬಿಕೊಂಡವನು ಒಂದು ದಿನ ಆ್ಯಪ್ ತೆರೆದಾಗ ಕೊನೆಯ ಕಂತಿನ ತಾರೀಖು ನಿವೃತ್ತಿಯ ಆಚೆಗೆ ಹೋಗಿ ಕೂತಿದ್ದರೆ, ಆ ರಾತ್ರಿ ಅವನು ಹೆಂಡತಿಗೆ ಅದನ್ನು ಹೇಳುತ್ತಾನೋ, ಬಚ್ಚಿಡುತ್ತಾನೋ? ಬಚ್ಚಿಟ್ಟವರೇ ಹೆಚ್ಚೆಂದು ನನ್ನ ಅಂದಾಜು. ಕಂಪನಿಯಲ್ಲಿ ಲೇಆಫ್ ಸುದ್ದಿ ಬಂದಾಗೆಲ್ಲ ಇಂಥ ಮನೆಗಳಲ್ಲಿ ಟಿವಿ ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ.

ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ಇಲ್ಲದ ಮನೆ ಕೊಂಡವರ ಪಾಡು ಇನ್ನೊಂದು. ಅದಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಬೇಡಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ತತ್ವ ಸರಿ. ಆದರೆ ಕತ್ತಲಲ್ಲಿ ಕೂರುವವನು ಮನೆ ಕೊಂಡವನು. ಪ್ಲಾನ್ ಮೀರಿ ಕಟ್ಟಿದವನೂ ಕಣ್ಣುಮುಚ್ಚಿದ ಅಧಿಕಾರಿಯೂ ಅಷ್ಟರಲ್ಲಿ ಮುಂದಿನ ಪ್ರಾಜೆಕ್ಟಿನಲ್ಲಿರುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ರೇರಾ ಇದೆಯಲ್ಲ ಎನ್ನುವಿರಿ. ರೇರಾ ಆದೇಶ ಮಾಡುತ್ತದೆ. ಬಿಲ್ಡರ್ ದುಡ್ಡು ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕಾದ್ದು ಕಂದಾಯ ಇಲಾಖೆ. ಆದೇಶದ ಪ್ರತಿ ಹಿಡಿದು ತಾಲೂಕು ಕಚೇರಿಗೆ ಅಲೆದವರನ್ನು ಕೇಳಿ ನೋಡಿ.

ಮನಸ್ಸಿನ ಮಾತು ಬಂದರೆ ನಮ್ಮ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯನ್ನು ನೆನೆಯಬೇಕು. ಮಾನಸಿಕ ಸಮಸ್ಯೆ ಇರುವವರು ಗ್ರಾಮಾಂತರದಲ್ಲಿ ಶೇ. 6.9, ಮಹಾನಗರಗಳಲ್ಲಿ ಶೇ. 13.5. ಇದಕ್ಕೆ ಎತ್ತರದ ಕಟ್ಟಡವೇ ಕಾರಣ ಎಂದು ಆ ಸಮೀಕ್ಷೆ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಪಕ್ಕದ ಮನೆಯವನನ್ನು ಪುರಸಭೆಯ ಬಾಕಿದಾರನನ್ನಾಗಿ ಮಾಡಿದರೆ ನೆರೆಹೊರೆ ಉಳಿಯುವುದು ಹೇಗೆ? ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಬಾಕಿ ಇಟ್ಟವರ ಫ್ಲಾಟ್ ನಂಬರುಗಳು. ಕೆಲಸ ಹೋಗಿ ಮೂರು ತಿಂಗಳಾದವನ ಮಗಳು ಶಾಲೆಯ ಬ್ಯಾಗ್ ಹಾಕಿಕೊಂಡು ಅದರ ಮುಂದೆಯೇ ನಿಂತು ಲಿಫ್ಟಿಗೆ ಕಾಯಬೇಕು. ಊರಿನಿಂದ ಮಗನ ಮನೆಗೆ ಬಂದ ಮುದುಕಿಯ ಸ್ಥಿತಿ ನೋಡಿ: ಗೇಟಿಗೆ ಬಂದವರಿಗೆ ಒಪ್ಪಿಗೆ ಕೇಳುವ ಆ್ಯಪ್ ಮೈಗೇಟ್‌ನಲ್ಲಿರುವುದು ಮಗನ ನಂಬರ್. ಆಕೆಯ ತಂಗಿ ತಿಪಟೂರಿನಿಂದ ಬಸ್ಸು ಹತ್ತಿ ಕೊಬ್ಬರಿ ಹೊತ್ತುಕೊಂಡು ಬಂದು ಗೇಟಿನಲ್ಲಿ ನಿಂತರೆ ಒಪ್ಪಿಗೆ ಕೇಳುವ ಗಂಟೆ ಬಾರಿಸುವುದು ಮಗ ಮೀಟಿಂಗಿನಲ್ಲಿ ಸೈಲೆಂಟ್ ಮಾಡಿಟ್ಟ ಫೋನಿನಲ್ಲಿ. ಮನೆಯೊಳಗೆ ಇರುವಾಕೆಗೆ ಬಾಗಿಲಿನ ಮೇಲೆ ಹಕ್ಕಿಲ್ಲ.

ಈಗ ನಮ್ಮದೇ ತಪ್ಪಿಗೆ ಬರುತ್ತೇನೆ. ಸರ್ಕಾರ ನಮಗೆ ಮಾಡಿದ್ದನ್ನೇ ನಾವು ನಮಗಿಂತ ಕೆಳಗಿನವರಿಗೆ ಮಾಡುತ್ತೇವೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಡಿಗೆಗಿರುವವನು ಮೇಂಟೆನೆನ್ಸ್ ಕಟ್ಟಬೇಕು, ಸಭೆಯಲ್ಲಿ ಬಾಯಿ ತೆರೆಯಬಾರದು. ಎರಡು ತಿಂಗಳ ಅಡ್ವಾನ್ಸ್ ಸಾಕೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಇಲ್ಲಿ ಕೇಳುವವರಿಲ್ಲ. ಮದುವೆಯಾಗದವರಿಗೆ ಬೇರೆ ನಿಯಮ. ಮನೆಗೆಲಸದವರಿಗೆ ಸರ್ವಿಸ್ ಲಿಫ್ಟು, ಅದು ಕೆಟ್ಟ ದಿನ ಮೆಟ್ಟಿಲು. ಐಷಾರಾಮಿ ಲಾಬಿಯ ಪಕ್ಕದಲ್ಲೇ ನಿಲ್ಲುವ ಸೆಕ್ಯುರಿಟಿಯವನಿಗೆ ಶೌಚಾಲಯ ಬೇಸ್‌ಮೆಂಟಿನ ಕೊನೆಯಲ್ಲಿ. ವೋಟಿನ ದಿನ ಲಾಂಗ್ ವೀಕೆಂಡ್ ಹಾಕಿಕೊಂಡು ಸಕಲೇಶಪುರಕ್ಕೆ ಹೊರಟವರು ಸೋಮವಾರ ಬಂದು ಶಾಸಕರನ್ನು ಬೈಯುತ್ತೇವೆ. ರಾಜಕಾರಣಿಯ ಅಸಡ್ಡೆಗೆ ಮೇವು ಹಾಕಿದ್ದು ನಾವೇ.

ಅಪಾರ್ಟ್‌ಮೆಂಟುಗಳಿಗೆ ನಮ್ಮಲ್ಲಿರುವ ಕಾಯ್ದೆ 1972ರದ್ದು. ಸಂಘವನ್ನು ಅದರಡಿ ನೋಂದಾಯಿಸಬೇಕೋ, 1960ರ ಸಂಘಗಳ ಕಾಯ್ದೆಯಡಿಯೋ ಎಂಬ ಜಗಳವೇ ಹೈಕೋರ್ಟ್ ಮೆಟ್ಟಿಲು ಹತ್ತಿದೆ. ಹೊಸ ಕಾಯ್ದೆಯ ಕರಡು 2025ರಲ್ಲಿ ಚರ್ಚೆಗೆ ಬಂತು. ಬಾಕಿ ವಸೂಲಿ, ಕಮಿಟಿ ಚುನಾವಣೆ, ಜಾಗದ ಹಸ್ತಾಂತರ ಎಲ್ಲ ಬೇಕಾದ್ದೇ. ಆದರೆ ಅಷ್ಟಕ್ಕೇ ನಿಂತರೆ, ನಗರದ ಕೆಲಸವನ್ನು ನಿವಾಸಿಗಳ ಮೇಲೆ ಹೇರಿದ್ದಕ್ಕೆ ಕಾನೂನಿನ ಮೊಹರು ಒತ್ತಿದಂತಾಗುತ್ತದೆ. ನನ್ನ ಬೇಡಿಕೆ ಮೂರೇ ಮಾತು. ಪ್ರೀಮಿಯಂ ಎಫ್‌ಎಆರ್‌ನಿಂದ ಬಂದ ಹಣ ಆಯಾ ವಾರ್ಡಿನ ನೀರು, ಒಳಚರಂಡಿಗೇ ಹೋಗಬೇಕು, ಅದರ ಲೆಕ್ಕ ವರ್ಷಕ್ಕೊಮ್ಮೆ ವಾರ್ಡಿನಲ್ಲಿ ತೂಗುಹಾಕಬೇಕು. ಹೆಚ್ಚುವರಿ ಮಹಡಿಗೆ ಒಪ್ಪಿಗೆ ಕೊಡುವ ಮೊದಲು ಅಷ್ಟು ಮನೆಗೆ ನೀರು ಎಲ್ಲಿಂದ ಎಂದು ಜಲಮಂಡಳಿ ಬರೆದು ಸಹಿ ಹಾಕಬೇಕು. ಸ್ವಂತ ಎಸ್‌ಟಿಪಿ, ಸ್ವಂತ ಕಸ ವಿಲೇವಾರಿ ಇರುವ ಸಮುಚ್ಚಯಕ್ಕೆ ಅಷ್ಟರ ಮಟ್ಟಿಗೆ ಆಸ್ತಿ ತೆರಿಗೆ ಇಳಿಸಬೇಕು. ಇದಕ್ಕೆ ಖಜಾನೆಯಲ್ಲಿ ದುಡ್ಡಿಲ್ಲ ಎಂದು ಯಾವ ಸಚಿವರೂ ಹೇಳುವಂತಿಲ್ಲ. 2025ರ ಆಗಸ್ಟ್ ಕೊನೆಯ ದಿನದಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿ, ಕೋಟಿ ರೂಪಾಯಿಯ ಫ್ಲಾಟಿಗೆ ಇನ್ನೊಂದು ಲಕ್ಷವನ್ನು ಇದೇ ಜನರ ಜೇಬಿನಿಂದ ಅವರು ಆಗಲೇ ತೆಗೆದುಕೊಂಡಿದ್ದಾರೆ.